ಸಿಕ್ಕದ್ದನ್ನು ಮತ್ತೆ ಅಲ್ಲೇ ಇಡುವುದು



ಬಂಧುಗಳೆ, ರವಿವಾರದ ಚಿಂತನ ಉಳಿದ ದಿನಗಳದ್ದಕ್ಕಿಂತ ಉದ್ದ ಇರುತ್ತದೆ. ಚಹಾ ಕುಡಿಯುತ್ತ ಸಾವಕಾಶ ಓದಿರಿ.

ಮಳೆ ಹಿಂದೆ ಸರಿದು ಶರದೃತು ಬಂದಿದೆ. ಖಾನಾಪುರದ ಕಡೆ ಭತ್ತದ ತೆನೆ ಬಾಗಿ ನಿಂತಿದೆ. ಕಾಡಿನ ದಾರಿಯ ಕೆಂಪು ಮಣ್ಣು ಇನ್ನೂ ಪೂರ್ತಿ ಒಣಗಿಲ್ಲ, ಜಿಗಣೆಯ ಕಾಟ ಮಾತ್ರ ಕಡಿಮೆಯಾಗಿದೆ. ದಸರಾ ಸೂಟಿಯಲ್ಲಿ ಬೆಳಗಾವಿಯ ಮಂದಿ ಜಾಂಬೋಟಿ, ಕಣಕುಂಬಿ, ಹಲಸಿ ಎಂದು ಬುತ್ತಿ ಕಟ್ಟಿಕೊಂಡು ಹೊರಡುವ ಕಾಲ ಇದು. ದೂರ ಹೋಗಲಾಗದವರು ಬೆಳಗಿನ ಹೊತ್ತು ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಗಿಡಗಳ ನೆರಳಿನಲ್ಲಿ ನಾಲ್ಕು ಸುತ್ತು ಹಾಕಿ ಬರುತ್ತಾರೆ.

ಹೊರದೇಶಗಳಲ್ಲಿ ಇಂಥ ತಿರುಗಾಟದ ಜೊತೆಗೆ ಒಂದು ಆಟ ಬೆಳೆದುಕೊಂಡಿದೆ. ಅದರ ಹೆಸರು ಜಿಯೋಕ್ಯಾಚಿಂಗ್. ಕಾಡಿನಲ್ಲೋ ಗುಡ್ಡದಲ್ಲೋ ಯಾರೋ ಒಬ್ಬರು ಒಂದು ಡಬ್ಬಿ ಅಡಗಿಸಿ ಇಡುತ್ತಾರೆ. ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಹಾಕುತ್ತಾರೆ. ಉಳಿದವರು ಮೊಬೈಲ್ ಹಿಡಿದುಕೊಂಡು ಅದನ್ನು ಹುಡುಕುತ್ತ ಹೋಗುತ್ತಾರೆ. ಇಷ್ಟೇ ಆಟ. ಇದರೊಳಗೆ ಒಂದು ಹಳೆಯ ನೈತಿಕ ಪ್ರಶ್ನೆ ಅಡಗಿದೆ ಎಂದು ನನಗೆ ಅನ್ನಿಸಿದ್ದರಿಂದ ಇವತ್ತು ಅದನ್ನೇ ಚಿಂತನಕ್ಕೆ ತೆಗೆದುಕೊಂಡಿದ್ದೇನೆ.

ಮೊದಲು ಆಟದ ಕಥೆ. ಜಿಪಿಎಸ್ ಉಪಗ್ರಹಗಳನ್ನು ಅಮೆರಿಕ ತನ್ನ ಸೈನ್ಯಕ್ಕಾಗಿ ಕಟ್ಟಿತ್ತು. ಸಾಮಾನ್ಯ ಜನರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕು ಮಾಡಿ ಕಳಿಸುತ್ತಿದ್ದರು. ಹೀಗಾಗಿ ನಿಂತ ಜಾಗ ತೋರಿಸುವಾಗ ನೂರು ಮೀಟರಿನವರೆಗೆ ತಪ್ಪು ಬೀಳುತ್ತಿತ್ತು. 2000ದ ಮೇ 2ರಂದು ಆ ಮಸುಕನ್ನು ತೆಗೆದುಹಾಕಿದರು. ಮರುದಿನವೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಓರೆಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಒಂದು ಬಕೀಟು ಇಟ್ಟು ಬಂದರು. ಅದರೊಳಗೆ ಪುಸ್ತಕ, ವಿಡಿಯೊ, ಸ್ವಲ್ಪ ಹಣ, ಒಂದು ಕವಣೆ, ಒಂದು ಡಬ್ಬಿ ಕಾಳು, ಹೀಗೆ ಏನೇನೋ ಇದ್ದವು. ಜೊತೆಗೆ ಹೆಸರು ಬರೆಯಲು ಒಂದು ನೋಟುಪುಸ್ತಕ. ಬೇಕಾದರೆ ಏನಾದರೂ ತೆಗೆದುಕೊಳ್ಳಿ, ಅದರ ಬದಲಿಗೆ ಏನಾದರೂ ಇಟ್ಟು ಹೋಗಿ, ನಿಮ್ಮ ಹೆಸರು ಬರೆಯಿರಿ ಎಂಬುದು ಅವರ ನಿಯಮ. ಕೆಲವೇ ದಿನಗಳಲ್ಲಿ ಅದನ್ನು ಹುಡುಕಿ ತೆಗೆದರು. ಇವತ್ತು ಜಗತ್ತಿನಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಹೆಚ್ಚಿವೆ.

ಆಟ ಬೆಳೆದಂತೆ ನಿಯಮಗಳೂ ಬೆಳೆದವು. ಡಬ್ಬಿ ಇಡಲು ನೆಲ ಅಗೆಯುವಂತಿಲ್ಲ. ಜಾಗದ ಒಡೆಯರ ಒಪ್ಪಿಗೆ ಬೇಕು. ತಿನ್ನುವ ಪದಾರ್ಥ ಇಡುವಂತಿಲ್ಲ, ಏಕೆಂದರೆ ವಾಸನೆಗೆ ಪ್ರಾಣಿಗಳು ಬರುತ್ತವೆ. ಎರಡು ಡಬ್ಬಿಗಳ ನಡುವೆ ಕಡಿಮೆಯೆಂದರೂ 161 ಮೀಟರು ಅಂತರ ಇರಬೇಕು. ವಸ್ತು ತೆಗೆದುಕೊಂಡರೆ ಅದರಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬೆಲೆಯದನ್ನು ಇಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು: ಡಬ್ಬಿ ಹೇಗೆ ಇತ್ತೋ ಹಾಗೆಯೇ, ಎಲ್ಲಿತ್ತೋ ಅಲ್ಲಿಯೇ, ಮುಚ್ಚಿ ಇಟ್ಟು ಬರಬೇಕು.

ನಮ್ಮ ಕಡೆ ಈ ಆಟ ಅಷ್ಟಾಗಿ ಹಬ್ಬಿಲ್ಲ. ಆದರೆ ದಿಕ್ಕು, ನಕಾಶೆ, ಅಕ್ಷಾಂಶಗಳ ಮಾತು ಬಂದಾಗ ನಾನು ನಮ್ಮ ಎಂಟನೆಯ ತರಗತಿಯ ಮಕ್ಕಳಿಗೆ ಇದರ ಬಗ್ಗೆ ಹೇಳಿದ್ದೆ. ಎಲ್ಲರೂ ಕಣ್ಣರಳಿಸಿ ಕೇಳಿದರು. ಕೊನೆಯ ನಿಯಮ ಹೇಳಿದ ಕೂಡಲೇ ಒಬ್ಬ ಹುಡುಗಿ ಎದ್ದು ನಿಂತಳು.

"ಅಕ್ಕೋರ, ಸಿಕ್ಕಿದ್ದನ್ನ ಮತ್ತ ಅಲ್ಲೇ ಇಟ್ಟು ಬರೂದಂದ್ರ, ಅದನ್ನ ಹುಡಕೂದರೆ ಯಾಕ್ರಿ?"

ಹಿಂದಿನ ಸಾಲಿನ ಹುಡುಗನೊಬ್ಬ ಅವಳಿಗೆ ಉತ್ತರ ಕೊಟ್ಟ. "ಲೈಬ್ರರಿ ಪುಸ್ತಕಾ ಓದಿ ವಾಪಸ್ ಕೊಡೂದಿಲ್ಲೇನ? ಹಂಗ."

ಹುಡುಗಿ ಬಿಡಲಿಲ್ಲ. "ಪುಸ್ತಕದಾಗ ಕಥಿ ಇರತೈತಿ. ಡಬ್ಬಿಯೊಳಗ ಏನ ಇರತೈತಿ?"

ಬಂಧುಗಳೆ, ಈ ಪ್ರಶ್ನೆಯನ್ನು ಮಕ್ಕಳ ಮಾತು ಎಂದು ಬಿಡಬೇಡಿ. ಜೀವನದಲ್ಲಿ ನಾವು ಹುಡುಕುವುದೆಲ್ಲ ಇಟ್ಟುಕೊಳ್ಳುವುದಕ್ಕಾಗಿಯೇ. ಕೆಲಸ, ಮನೆ, ಸೈಟು, ಹೆಸರು, ಯಾವುದನ್ನೇ ನೋಡಿ. ಇಟ್ಟುಕೊಳ್ಳಲಾಗದ್ದನ್ನು ಹುಡುಕುವುದು ದಡ್ಡತನ ಎಂದು ನಾವೇ ಮಕ್ಕಳಿಗೆ ಕಲಿಸಿರುತ್ತೇವೆ. ಹಾಗಿದ್ದರೆ ಇಟ್ಟುಕೊಳ್ಳದ ಹುಡುಕಾಟಕ್ಕೆ ಅರ್ಥ ಉಂಟೇ? ಇದೇ ಇವತ್ತಿನ ಪ್ರಶ್ನೆ.

ಉತ್ತರಕ್ಕೆ ಮೊದಲು ಅಡಗಿಸಿಡುವುದರ ಬಗ್ಗೆ ಸ್ವಲ್ಪ ನೋಡೋಣ. ಮನುಷ್ಯ ಯಾಕೆ ವಸ್ತುಗಳನ್ನು ಅಡಗಿಸುತ್ತಾನೆ?

ಬಹಳ ಸಲ ಅಂಜಿಕೆಯಿಂದ. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಗಂಟು ಕಟ್ಟಿ ಬನ್ನಿ ಮರದ ಮೇಲೆ ಇಟ್ಟ ಕಥೆ ಎಲ್ಲರಿಗೂ ಗೊತ್ತು. ಮರ ಇದ್ದದ್ದು ಸುಡುಗಾಡಿನ ಹತ್ತಿರ. ಗಂಟು ಹೆಣದಂತೆ ಕಾಣುವ ಹಾಗೆ ಕಟ್ಟಿದ್ದರಿಂದ ಯಾರೂ ಹತ್ತಿರ ಸುಳಿಯಲಿಲ್ಲ. ಒಂದು ವರ್ಷದ ಮೇಲೆ ಬಂದು ತಮ್ಮದನ್ನು ತಾವು ಇಳಿಸಿಕೊಂಡರು. ಇದು ತನಗಾಗಿ ಅಡಗಿಸುವುದು.

ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಶಬ್ದಗಳಿವೆ ನೋಡಿ. ಬಚ್ಚಿಡು, ಹೂತಿಡು, ಅಡಗಿಸು, ಮರೆಮಾಡು. ಹಳೆಯ ದಾನಶಾಸನಗಳಲ್ಲಿ ಭೂಮಿಯ ಜೊತೆಗೆ ಕೊಡುತ್ತಿದ್ದ ಎಂಟು ಹಕ್ಕುಗಳಿಗೆ ಅಷ್ಟಭೋಗ ಎನ್ನುತ್ತಿದ್ದರು. ಅವುಗಳಲ್ಲಿ ಮೊದಲ ಎರಡು ನಿಧಿ ಮತ್ತು ನಿಕ್ಷೇಪ. ಅಂದರೆ ನೆಲ ಕೊಡುವಾಗ ಅದರ ಒಡಲಲ್ಲಿ ಹಿಂದಿನವರು ಹೂತಿಟ್ಟ ಸಂಪತ್ತು ಇದ್ದರೆ ಅದೂ ನಿನ್ನದೇ ಎಂದು ಬರೆದುಕೊಡುತ್ತಿದ್ದರು. ಹೂತಿಡುವುದು ಆಗ ಅಷ್ಟು ಸಾಮಾನ್ಯವಾಗಿತ್ತು. ಬ್ಯಾಂಕು ಇಲ್ಲದ ಕಾಲದಲ್ಲಿ ನೆಲವೇ ಬ್ಯಾಂಕು.

ನಿಧಿಗೆ ಹಳಗನ್ನಡದಲ್ಲೂ ವಚನಗಳಲ್ಲೂ 'ನಿಧಾನ' ಎಂಬ ಇನ್ನೊಂದು ಶಬ್ದ ಬಳಕೆಯಲ್ಲಿತ್ತು. ಇವತ್ತು ನಾವು ನಿಧಾನ ಎಂದರೆ ಸಾವಕಾಶ ಎನ್ನುತ್ತೇವೆ. ಅವಸರ ಇಲ್ಲದಿರುವುದಕ್ಕೂ ಸಂಪತ್ತಿಗೂ ಒಂದೇ ಶಬ್ದ. ಕಾಡಿನಲ್ಲಿ ನಡೆಯುವವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಈ ಹೂತಿಟ್ಟ ನಿಧಿಯ ಬಗ್ಗೆಯೇ ಭಗವಾನರ ಉಪದೇಶ ಒಂದಿದೆ. ಖುದ್ದಕಪಾಠದಲ್ಲಿ ಬರುವ ನಿಧಿಕಂಡ ಸುತ್ತ. ಅದರ ಸಾರ ಹೀಗಿದೆ. ಒಬ್ಬ ಮನುಷ್ಯ ನೀರಿನ ಮಟ್ಟದವರೆಗೆ ಆಳವಾಗಿ ಗುಂಡಿ ತೋಡಿ ಹಣ ಹೂಳುತ್ತಾನೆ. ರಾಜನ ಕಾಟ ಬಂದರೆ, ಕಳ್ಳರು ಬಂದರೆ, ಸಾಲ ಆದರೆ, ಬರಗಾಲ ಬಿದ್ದರೆ ಬೇಕಾಗುತ್ತದೆ ಎಂಬುದು ಅವನ ಲೆಕ್ಕ. ಆದರೆ ಎಷ್ಟೇ ಚೆನ್ನಾಗಿ ಹೂತಿಟ್ಟರೂ ಅದು ಬೇಕಾದ ಹೊತ್ತಿಗೆ ಒದಗುವುದಿಲ್ಲ. ನಿಧಿ ಇದ್ದ ಜಾಗದಿಂದ ಸರಿದು ಹೋಗುತ್ತದೆ. ಇಲ್ಲವೇ ಇಟ್ಟವನಿಗೆ ಗುರುತು ಮರೆತು ಹೋಗುತ್ತದೆ. ನಾಗರೋ ಯಕ್ಷರೋ ಒಯ್ಯುತ್ತಾರೆ. ಅವನಿಗೆ ಬೇಡವಾದ ವಾರಸುದಾರರು ಕಾಣದ ಹಾಗೆ ಅಗೆದು ಒಯ್ಯುತ್ತಾರೆ. ದಾನ, ಶೀಲ, ಸಂಯಮಗಳಿಂದ ಕೂಡಿಟ್ಟ ನಿಧಿ ಮಾತ್ರ ಜೊತೆಗೆ ಬರುತ್ತದೆ, ಅದನ್ನು ಕಳ್ಳರೂ ಒಯ್ಯಲಾರರು.

ಎಷ್ಟು ವ್ಯವಹಾರಜ್ಞಾನ ಇದೆ ಇದರಲ್ಲಿ! ನಾಗ, ಯಕ್ಷರನ್ನು ಬದಿಗಿಟ್ಟರೂ ಉಳಿದದ್ದೆಲ್ಲ ನಮ್ಮ ಓಣಿಯಲ್ಲೇ ನಡೆಯುತ್ತದೆ. ಗುರುತು ಮರೆತು ಹೋಗುವುದು ಎಂಬ ಮಾತನ್ನು ಗಮನಿಸಿ. ಯಾರಿಗೂ ಹೇಳದೆ ಅಡಗಿಸಿಟ್ಟದ್ದು ನಮ್ಮ ನೆನಪಿನ ಒಂದೇ ದಾರದಿಂದ ತೂಗುತ್ತಿರುತ್ತದೆ. ದಾರ ಹರಿದರೆ ಮುಗಿಯಿತು.

ಇನ್ನು, ಇನ್ನೊಬ್ಬರು ಹೂತಿಟ್ಟದ್ದನ್ನು ಹುಡುಕಿ ಇಟ್ಟುಕೊಳ್ಳುವ ಆಸೆ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದೂ ನಮಗೆ ಗೊತ್ತು. ಕರ್ನಾಟಕದ ಎಷ್ಟೋ ಹಾಳು ಗುಡಿಗಳಲ್ಲಿ ನಂದಿಯ ಬುಡ ಅಗೆದಿರುತ್ತಾರೆ, ಗರ್ಭಗುಡಿಯ ಹಾಸುಗಲ್ಲು ಕಿತ್ತಿರುತ್ತಾರೆ, ವೀರಗಲ್ಲು ಉರುಳಿಸಿರುತ್ತಾರೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ರಾತ್ರೋರಾತ್ರಿ ಒಡೆದು ಹಾಕಿದರು. ಐದು ಶತಮಾನಗಳಿಂದ ಜನ ತಲೆಬಾಗಿದ ಕಲ್ಲು ಅವರ ಕಣ್ಣಿಗೆ ಬರೀ ಮುಚ್ಚಳವಾಗಿ ಕಂಡಿತು. ಇಟ್ಟುಕೊಳ್ಳುವ ಹುಡುಕಾಟ ಮಾಡುವ ಅನಾಹುತ ಇದೇ. ಅದು ಜಗತ್ತನ್ನೆಲ್ಲ ಮುಚ್ಚಳ ಮಾಡುತ್ತದೆ. ಕೆಳಗೆ ಏನಿದೆ ಎಂಬುದಷ್ಟೇ ಮುಖ್ಯ, ಮೇಲಿರುವುದು ಅಡ್ಡಿ.

ಈಗ ನಮ್ಮ ಖಾನಾಪುರ ತಾಲೂಕಿಗೇ ಬನ್ನಿ. ಇಲ್ಲಿ ನೆಲದಡಿ ಅಡಗಿದ್ದು ನಿಜವಾಗಿ ಸಿಕ್ಕ ಒಂದು ಸಂಪತ್ತಿದೆ. ನಂದಗಡದ ದಾರಿಯಲ್ಲಿ, ಹಲಸಿಯ ಊರ ಹೊರಗೆ, ಚಕ್ರತೀರ್ಥ ಎಂಬ ಸಣ್ಣ ಬಾವಿ. ಅದರ ಹತ್ತಿರದ ಮಣ್ಣಿನ ದಿಬ್ಬದಲ್ಲಿ 19ನೇ ಶತಮಾನದಲ್ಲಿ ಕೆಲವು ತಾಮ್ರಪಟಗಳು ಸಿಕ್ಕವು. ಅವನ್ನು ಓದಿ ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 1877ರಲ್ಲಿ 'ಇಂಡಿಯನ್ ಆ್ಯಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವು ಕದಂಬ ಅರಸರ ಶಾಸನಗಳು, ಸುಮಾರು ಒಂದೂವರೆ ಸಾವಿರ ವರ್ಷ ಹಿಂದಿನವು. ಆಗ ಹಲಸಿಯ ಹೆಸರು ಪಲಾಶಿಕಾ.

ಇಷ್ಟು ಕಾಲ ಮಣ್ಣಿನಲ್ಲಿ ಅಡಗಿದ್ದ ಆ ತಾಮ್ರದ ಮೇಲೆ ಏನು ಬರೆದಿತ್ತು? ಬಂಗಾರ ಎಲ್ಲಿ ಹೂತಿದೆ ಎಂದಲ್ಲ. ಯಾರು ಯಾರಿಗೆ ಏನು ಕೊಟ್ಟರು ಎಂದು. ಕಾಕುಸ್ಥವರ್ಮ ತನ್ನ ಪ್ರಾಣ ಉಳಿಸಿದ ಸೇನಾಪತಿ ಶ್ರುತಕೀರ್ತಿಗೆ ಒಂದು ಹೊಲ ಕೊಟ್ಟದ್ದು. ಮೃಗೇಶವರ್ಮ ತನ್ನ ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ 33 ನಿವರ್ತನ ಭೂಮಿ ಬಿಟ್ಟದ್ದು. ರವಿವರ್ಮನ ಕಾಲದಲ್ಲಿ ಒಂದು ಹಳ್ಳಿಯ ಉತ್ಪನ್ನದಿಂದ ಪ್ರತಿ ವರ್ಷ ಕಾರ್ತಿಕ ಹುಣ್ಣಿಮೆಗೆ ಎಂಟು ದಿನದ ಉತ್ಸವ ನಡೆಸಬೇಕು, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಅನ್ನ ನೀಡಬೇಕು ಎಂದು ಗೊತ್ತುಮಾಡಿದ್ದು. ಇದೇ ಶರದೃತು, ಇದೇ ಕಾರ್ತಿಕ.

ಆ ಅರಸರ ಬೊಕ್ಕಸದ ಬಂಗಾರ ಏನಾಯಿತೋ! ಇಂದು ಅವರ ಹೆಸರಿನಲ್ಲಿ ನಮ್ಮ ಕೈಗೆ ಸಿಕ್ಕಿರುವುದು ಕೊಟ್ಟದ್ದರ ಲೆಕ್ಕ. ನಿಧಿಕಂಡ ಸುತ್ತ ಹೇಳುವುದನ್ನು ಹಲಸಿಯ ಮಣ್ಣು ತನ್ನ ರೀತಿಯಲ್ಲಿ ಹೇಳುತ್ತಿದೆ.

ಇನ್ನೊಂದು ಮಾತು. ನಮ್ಮ ನಾಡಿನ ದಾನಶಾಸನಗಳ ಕೊನೆಯಲ್ಲಿ ಪದೇ ಪದೇ ಬರುವ ಒಂದು ಭಾವವಿದೆ. ತಾನು ದಾನ ಕೊಡುವುದಕ್ಕಿಂತ ಬೇರೆಯವರು ಕೊಟ್ಟದ್ದನ್ನು ಕಾಪಾಡುವುದರಲ್ಲಿ ಪುಣ್ಯ ಎರಡು ಪಟ್ಟು ಎಂದು. ಇದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಕೊಡುವವನಿಗೆ ಹೆಸರು ಬರುತ್ತದೆ, ಶಾಸನ ಬರುತ್ತದೆ. ಕಾಪಾಡುವವನಿಗೆ ಏನೂ ಬರುವುದಿಲ್ಲ. ಅವನು ಮಾಡುವುದು ಇಷ್ಟೇ: ತನ್ನ ಕೈಗೆ ಬಂದದ್ದನ್ನು ಕೆಡಿಸದೆ ಮುಂದಿನವರಿಗೆ ದಾಟಿಸುವುದು. ಕೊಡುವವನು ಒಬ್ಬನೇ, ಒಂದು ದಿನ ಕೊಟ್ಟ. ಕಾಪಾಡುವವರು ನೂರಾರು ಜನ, ನೂರಾರು ವರ್ಷ. ಅವರಲ್ಲಿ ಒಬ್ಬ ತಪ್ಪಿದರೂ ದಾನ ಅಲ್ಲಿಗೆ ನಿಲ್ಲುತ್ತದೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಡಬ್ಬಿಯೊಳಗೆ ಏನಿರುತ್ತದೆ? ಬೆಲೆ ಕಟ್ಟಿದರೆ ಏನೂ ಇಲ್ಲ. ಒಂದು ಗೋಲಿ, ಒಂದು ಕೀ ಚೈನು, ಒಂದು ಪ್ಲಾಸ್ಟಿಕ್ ಆನೆ. ಆದರೆ ಜೊತೆಗೆ ಒಂದು ನೋಟುಪುಸ್ತಕ ಇದೆ. ಅದರಲ್ಲಿ ಹೆಸರು, ತಾರೀಕು. ನಿಮಗಿಂತ ಮುಂಚೆ ಇದೇ ದಾರಿಯಲ್ಲಿ ಬೆವರು ಸುರಿಸಿ ಬಂದವರು, ಇದೇ ಕಲ್ಲಿನ ಸಂದಿಯಲ್ಲಿ ಕೈ ಹಾಕಿದವರು. ಅವರಲ್ಲಿ ಪ್ರತಿಯೊಬ್ಬರೂ ಇದನ್ನು ಒಯ್ಯಬಹುದಿತ್ತು, ಒಯ್ಯಲಿಲ್ಲ. ಆದ್ದರಿಂದಲೇ ನಿಮಗೆ ಸಿಕ್ಕಿತು. ಇಪ್ಪತ್ತು ಹೆಸರು ಇದ್ದರೆ ಇಪ್ಪತ್ತು ಸಲ ಯಾರೋ ನಿಮ್ಮನ್ನು, ಮುಖ ಕಾಣದ ನಿಮ್ಮನ್ನು, ನೆನೆದು ಮುಚ್ಚಳ ಹಾಕಿದ್ದಾರೆ. ಡಬ್ಬಿಯೊಳಗೆ ಇರುವುದು ಆ ಮನುಷ್ಯರು. ಅದನ್ನು ಮನೆಗೆ ತಂದರೆ ಪ್ಲಾಸ್ಟಿಕ್ ಆನೆ ಮಾತ್ರ ನಮ್ಮ ಜೊತೆ ಬರುತ್ತದೆ. ಸಾಲು ಅಲ್ಲೇ ಕಡಿದು ಬೀಳುತ್ತದೆ.

ಹೀಗೆ ಬೇರೆಯವರಿಗಾಗಿ ಇಟ್ಟು ಬರುವುದು ನಮ್ಮ ನೆಲಕ್ಕೆ ಹೊಸದಲ್ಲ. ಸೀಗಿ ಹುಣ್ಣಿಮೆಗೆ ರೈತರು ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಮನೆಯಲ್ಲಿ ಮಾಡಿದ ಅಡಿಗೆಯನ್ನು ಬೆಳೆಯ ಸಾಲುಗಳಲ್ಲಿ ಬೀರಿ ಹಿಂದಿರುಗುತ್ತಾರೆ. ಹಕ್ಕಿ ತಿಂದಿತೋ ಇರುವೆ ತಿಂದಿತೋ ಎಂದು ನಿಂತು ನೋಡುವುದಿಲ್ಲ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವವರೂ ಕುಡಿದವರ ಹೆಸರು ಕೇಳುವುದಿಲ್ಲ. ದಸರೆಯ ಬನ್ನಿ ಎಲೆಯನ್ನೇ ನೋಡಿ. ಅದಕ್ಕೆ ಮಾರುಕಟ್ಟೆಯಲ್ಲಿ ಏನು ಬೆಲೆ? ಆದರೂ ಅದನ್ನು ಬಂಗಾರ ಎಂದು ಕೊಡುತ್ತೇವೆ, ಬಂಗಾರ ಎಂದೇ ತೆಗೆದುಕೊಳ್ಳುತ್ತೇವೆ. ಕೈಯಿಂದ ಕೈಗೆ ದಾಟುವಾಗ ಮಾತ್ರ ಅದು ಬಂಗಾರ. ಇಟ್ಟುಕೊಂಡರೆ ಮರುದಿನ ಒಣಗಿದ ಎಲೆ.

ಈ ಆಟದಲ್ಲಿ ಇನ್ನೊಂದು ಪಾಠವೂ ಇದೆ. ಕಾಡಿನಲ್ಲಿ ಡಬ್ಬಿ ತೆರೆದಾಗ ನೋಡುವವರು ಯಾರೂ ಇರುವುದಿಲ್ಲ. ಒಳ್ಳೆಯದನ್ನು ತೆಗೆದುಕೊಂಡು ಒಂದು ಗುಂಡಿ ಹಾಕಿ ಬಂದರೆ ಕೇಳುವವರಿಲ್ಲ. ಸೀಲವೀಮಂಸನ ಜಾತಕದ ಕಥೆ ನಮ್ಮ ಬಳಗದಲ್ಲಿ ಹಲವರಿಗೆ ನೆನಪಿರಬಹುದು. ವಾರಾಣಸಿಯ ಗುರುವೊಬ್ಬ ಮಗಳ ಮದುವೆಗೆ ಬಟ್ಟೆ ಒಡವೆಗಳನ್ನು ನಿಮ್ಮ ನಿಮ್ಮ ಮನೆಗಳಿಂದ ಯಾರೂ ಕಾಣದಂತೆ ಕದ್ದು ತನ್ನಿ ಎಂದು ಶಿಷ್ಯರಿಗೆ ಹೇಳುತ್ತಾನೆ. ಎಲ್ಲರೂ ತರುತ್ತಾರೆ, ಒಬ್ಬ ಮಾತ್ರ ಬರಿಗೈಯಲ್ಲಿ ಬರುತ್ತಾನೆ. ಯಾರೂ ಕಾಣದ ಜಾಗ ನನಗೆ ಸಿಗಲಿಲ್ಲ, ಬೇರೆ ಯಾರೂ ಇಲ್ಲದ ಕಡೆಯೂ ನಾನು ಇದ್ದೇ ಇರುತ್ತೇನಲ್ಲ ಎನ್ನುತ್ತಾನೆ. ಗುರು ಅವನಿಗೇ ಮಗಳನ್ನು ಕೊಡುತ್ತಾನೆ, ಉಳಿದವರು ತಂದದ್ದನ್ನು ವಾಪಸ್ಸು ಕಳಿಸುತ್ತಾನೆ. ಕನಕದಾಸರ ಬಾಳೆಹಣ್ಣಿನ ಕಥೆಯೂ ಇದೇ ದಾರಿಯದು. ಅಲ್ಲಿ ದೇವರು ನೋಡುತ್ತಾನೆ, ಇಲ್ಲಿ ತನ್ನನ್ನು ತಾನೇ ನೋಡಿಕೊಳ್ಳುತ್ತಾನೆ. ಎರಡೂ ಕಡೆ ಬಾಳೆಹಣ್ಣು ತಿನ್ನದೇ ಉಳಿಯುತ್ತದೆ.

ಹಾಗಂತ ಈ ಆಟವನ್ನು ಸುಮ್ಮನೆ ಹೊಗಳಲಾರೆ. ಇಟ್ಟುಕೊಳ್ಳದೆ ಹುಡುಕುವುದರಲ್ಲೂ ಆಸೆ ಬೇರೆ ವೇಷದಲ್ಲಿ ನುಸುಳುತ್ತದೆ. ಇಷ್ಟು ಡಬ್ಬಿ ಹುಡುಕಿದೆ ಎಂಬ ಲೆಕ್ಕ ಶುರುವಾಗುತ್ತದೆ. ನೂರು, ಐದುನೂರು, ಸಾವಿರ. ಆಮೇಲೆ ಕಾಡು ಕಾಣುವುದಿಲ್ಲ, ಮೊಬೈಲಿನ ಬಾಣ ಕಾಣುತ್ತದೆ. ವಸ್ತು ಬಿಟ್ಟೆವು, ಸಂಖ್ಯೆ ಹಿಡಿದೆವು. ತಣ್ಹೆಗೆ ಹಿಡಿಯಲು ಏನಾದರೂ ಸಾಕು. ನಾವು ಎಷ್ಟು ಹೆಜ್ಜೆ ನಡೆದೆವು, ಸ್ಟೇಟಸ್ ಎಷ್ಟು ಜನ ನೋಡಿದರು ಎಂದು ಎಣಿಸುವುದೂ ಇದೇ ಜಾತಿಗೆ ಸೇರಿದ್ದು.

ಕಾಡಿನಲ್ಲಿ ಹುಡುಕುವವರ ಕಥೆ ವಿನಯಪಿಟಕದ ಮಹಾವಗ್ಗದಲ್ಲೇ ಬರುತ್ತದೆ. ಮೊದಲ ವರ್ಷಾವಾಸ ಮುಗಿಸಿ ಭಗವಾನರು ವಾರಾಣಸಿಯಿಂದ ಉರುವೇಲೆಯ ಕಡೆ ನಡೆದು ಹೊರಟಿದ್ದರು. ಅಂದರೆ ಅದೂ ಮಳೆ ನಿಂತ ಮೇಲಿನ ಕಾಲವೇ. ದಾರಿಯಲ್ಲಿ ಒಂದು ಮರದ ಕೆಳಗೆ ಕುಳಿತಿದ್ದರು. ಅದೇ ಕಾಡಿಗೆ ಮೂವತ್ತು ಜನ ಸಿರಿವಂತ ಗೆಳೆಯರು ಹೆಂಡಂದಿರ ಜೊತೆ ವಿಹಾರಕ್ಕೆ ಬಂದಿದ್ದರು. ಒಬ್ಬನಿಗೆ ಹೆಂಡತಿ ಇರಲಿಲ್ಲವೆಂದು ಒಬ್ಬ ಗಣಿಕೆಯನ್ನು ಕರೆತಂದಿದ್ದರು. ಎಲ್ಲರೂ ಮೈಮರೆತಿದ್ದಾಗ ಆಕೆ ಅವರ ವಸ್ತುಗಳನ್ನು ಎತ್ತಿಕೊಂಡು ಹೋದಳು. ಅವಳನ್ನು ಹುಡುಕುತ್ತ ಕಾಡೆಲ್ಲ ಅಲೆದು ಭಗವಾನರ ಹತ್ತಿರ ಬಂದು, ಒಬ್ಬ ಹೆಂಗಸನ್ನು ಕಂಡಿರಾ ಎಂದು ಕೇಳಿದರು. ಆ ಹೆಂಗಸನ್ನು ಹುಡುಕುವುದು ಮೇಲೋ, ನಿಮ್ಮನ್ನು ನೀವು ಹುಡುಕಿಕೊಳ್ಳುವುದು ಮೇಲೋ ಎಂದು ಅವರು ಮರುಪ್ರಶ್ನೆ ಹಾಕಿದರು. ಗೆಳೆಯರು ಅಲ್ಲೇ ಕುಳಿತು ಧಮ್ಮ ಕೇಳಿದರು.

ಭಗವಾನರು ಅವರಿಗೆ ಹುಡುಕಬೇಡಿ ಎನ್ನಲಿಲ್ಲ. ಹುಡುಕಾಟದ ಮುಖ ತಿರುಗಿಸಿದರು. ಯಾವುದೇ ಹುಡುಕಾಟದಲ್ಲಿ ನಾವು ಕೇಳಿಕೊಳ್ಳಬೇಕಾದದ್ದೂ ಇದೇ. ಈ ವಸ್ತು ಸಿಕ್ಕಾಗ ನನ್ನೊಳಗೆ ಏನು ಎದ್ದು ಕೂರುತ್ತದೆ? ಒಯ್ಯಬೇಕು ಎಂಬುದೋ, ತೋರಿಸಬೇಕು ಎಂಬುದೋ, ಸಾಕು ಎಂಬುದೋ? ಡಬ್ಬಿಯ ಮುಚ್ಚಳ ತೆಗೆದ ಕ್ಷಣದಲ್ಲಿ ನಮ್ಮ ಮನಸ್ಸಿನ ಮುಚ್ಚಳವೂ ತೆರೆಯುತ್ತದೆ.

ಕೊನೆಯದಾಗಿ ನಮ್ಮ ಕಾಡಿನ ಮಾತು. ಇಷ್ಟು ಓದಿದ ಮೇಲೆ ನಾವೂ ಭೀಮಗಡದಲ್ಲಿ ನಾಲ್ಕು ಡಬ್ಬಿ ಇಡೋಣ ಎಂದು ಯಾರಿಗಾದರೂ ಅನ್ನಿಸಬಹುದು. ದಯವಿಟ್ಟು ಬೇಡ. ಭೀಮಗಡ 2011ರ ಡಿಸೆಂಬರಿನಲ್ಲಿ ಘೋಷಣೆಯಾದ ವನ್ಯಜೀವಿ ಅಭಯಾರಣ್ಯ, ಸುಮಾರು 190 ಚದರ ಕಿಲೋಮೀಟರು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ, ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಬರುವ ಮಾತಂತೂ ಇಲ್ಲವೇ ಇಲ್ಲ. ಕರಡಿಗಳ ಸೀಮೆಯಲ್ಲಿ ಕಲ್ಲಿನ ಸಂದಿಗೆ ಕೈ ಹಾಕುವ ಆಟವೂ ಸಲ್ಲದು.

ಅಲ್ಲಿ ಕಾಡೇ ಅಡಗಿಸಿಟ್ಟದ್ದು ಒಂದಿದೆ. ಬಾರಾಪೇಡೆ ಗವಿಗಳಲ್ಲಿ ಒಂದು ಅಪರೂಪದ ಬಾವಲಿ ವಾಸಿಸುತ್ತದೆ. ರಾಟನ್ನನ ಬಾವಲಿ ಎಂದು ಅದರ ಹೆಸರು. ವಿಜ್ಞಾನಿಗಳು 1913ರಲ್ಲಿ ಅದಕ್ಕೆ ಹೆಸರಿಟ್ಟರು. ಬಹಳ ವರ್ಷಗಳವರೆಗೆ ಇಡೀ ಜಗತ್ತಿನಲ್ಲಿ ಅದರ ನೆಲೆ ಎಂದು ಗೊತ್ತಿದ್ದದ್ದು ನಮ್ಮ ಖಾನಾಪುರದ ಈ ಕಾಡು. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯದಲ್ಲಿ ಕಂಡುಬಂತು. ಗವಿಯಲ್ಲಿ ಮಂದಿ ನುಗ್ಗಿ ಬ್ಯಾಟರಿ ಬೆಳಕು ಬಿಟ್ಟರೆ, ಗದ್ದಲ ಮಾಡಿದರೆ ಬಾವಲಿಗಳು ನೆಲೆ ಬಿಟ್ಟು ಹಾರುತ್ತವೆ.

ಇಲ್ಲಿ ನಮ್ಮ ನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಾಗುತ್ತದೆ. ಕೆಲವನ್ನು ಹುಡುಕಿ ಎಲ್ಲರಿಗೂ ಸಿಗುವಂತೆ ಇಡಬೇಕು, ಹಲಸಿಯ ತಾಮ್ರಪಟಗಳಂತೆ. ಅವನ್ನು ಮತ್ತೆ ಮಣ್ಣಿನಡಿ ಮುಚ್ಚಲಿಲ್ಲ, ಓದಿ ಅಚ್ಚು ಹಾಕಿಸಿ ಎಲ್ಲರ ಮುಂದೆ ಇಟ್ಟರು. ಅದೂ ವಾಪಸ್ಸು ಇಡುವುದೇ. ಕೆಲವನ್ನು ನೋಡಿ, ಹೆಸರು ಬರೆದು, ಅದೇ ಜಾಗದಲ್ಲಿ ಮುಚ್ಚಿಡಬೇಕು, ಡಬ್ಬಿಯಂತೆ. ಕೆಲವನ್ನು ಇದ್ದ ಹಾಗೆ ಬಿಟ್ಟು, ಇದೆ ಎಂದು ತಿಳಿದಷ್ಟಕ್ಕೇ ಸಂತೋಷಪಡಬೇಕು, ಬಾವಲಿಯಂತೆ. ಯಾವುದು ಯಾವ ಬಗೆಯದು ಎಂದು ತಿಳಿಯುವುದೇ ವಿವೇಕ. ಅದಕ್ಕೆ ಒಂದೇ ಅಳತೆಗೋಲು: ನನ್ನ ನಂತರ ಬರುವವರಿಗೆ, ಅವರು ಮನುಷ್ಯರಾಗಲಿ ಪ್ರಾಣಿಯಾಗಲಿ, ಇದು ಉಳಿಯುತ್ತದೆಯೇ?

ಈ ಪ್ರಶ್ನೆ ನಮ್ಮ ಮೊಬೈಲಿಗೂ ಸೇರಿದ್ದು. ಯಾವುದೋ ಮೂಲೆಯ ಝರಿಯನ್ನು ಒಬ್ಬರು ಕಂಡು ಗುಂಪುಗಳಲ್ಲಿ ಲೊಕೇಶನ್ ಹಾಕುತ್ತಾರೆ. ಮುಂದಿನ ರವಿವಾರ ಅಲ್ಲಿ ಹತ್ತು ಗಾಡಿ ನಿಲ್ಲುತ್ತವೆ. ಮೂರನೆಯ ರವಿವಾರ ಬಾಟಲಿ, ತಟ್ಟೆ, ಚಿಪ್ಸಿನ ಚೀಟು. ಹಾಕಿದವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಹಂಚಿಕೊಳ್ಳುವ ಸಂತೋಷವೇ ಇತ್ತು. ಆದರೆ ದಾನ ಮಾಡುವ ಮೊದಲು ಇದು ನನ್ನ ದಾನಕ್ಕೆ ಸಲ್ಲುವ ವಸ್ತುವೇ ಎಂದು ಕೇಳಿಕೊಳ್ಳಬೇಕಲ್ಲವೇ? ಝರಿ ನಮ್ಮದಾಗಿರಲಿಲ್ಲ. ಜಿಯೋಕ್ಯಾಚಿಂಗ್ ಆಡುವವರು 2002ರಿಂದ ಒಂದು ಒಳ್ಳೆಯ ರೂಢಿ ಇಟ್ಟುಕೊಂಡಿದ್ದಾರೆ: ಹುಡುಕಲು ಹೋಗುವಾಗ ಒಂದು ಖಾಲಿ ಚೀಲ ಒಯ್ದು ದಾರಿಯ ಕಸ ತುಂಬಿಕೊಂಡು ಬರುವುದು. ಡಬ್ಬಿ ಅಲ್ಲೇ ಬಿಟ್ಟು ಕಸ ತರುವುದು! ಇದನ್ನು ಮಾತ್ರ ನಾವು ಯಾರ ಅನುಮತಿಯೂ ಇಲ್ಲದೆ ಇವತ್ತಿನಿಂದಲೇ ಮಾಡಬಹುದು.

ಇಟ್ಟುಕೊಳ್ಳದ ಹುಡುಕಾಟಕ್ಕೆ ಅರ್ಥ ಉಂಟೇ ಎಂದು ಕೇಳಿದ್ದೆವು. ಉಂಟು. ಯೋಚಿಸಿ ನೋಡಿದರೆ ನಮ್ಮ ಕೈಗೆ ಬಂದ ದೊಡ್ಡ ವಸ್ತುಗಳೆಲ್ಲ ಈ ಜಾತಿಯವೇ. ಮಾತಾಡುವ ಕನ್ನಡ, ಕುಡಿಯುವ ಮಲಪ್ರಭೆಯ ನೀರು, ನಾವು ಓದುವ ಧಮ್ಮ, ಕಲಿಸುವ ಅಕ್ಷರ. ಯಾವುದನ್ನೂ ನಾವು ಮಾಡಲಿಲ್ಲ, ಯಾವುದನ್ನೂ ಒಯ್ಯಲಾರೆವು. ಹಿಂದಿನವರು ಮುಚ್ಚಳ ಹಾಕಿ ಇಟ್ಟು ಹೋದದ್ದು ನಮಗೆ ಸಿಕ್ಕಿದೆ. ನಮ್ಮ ಕೈಯಲ್ಲಿರುವುದು ಇಷ್ಟೇ: ತೆರೆದು ನೋಡುವುದು, ಸಂತೋಷಪಡುವುದು, ಸಾಧ್ಯವಾದರೆ ಒಂದು ಒಳ್ಳೆಯದನ್ನು ಸೇರಿಸುವುದು, ಮತ್ತೆ ಭದ್ರವಾಗಿ ಮುಚ್ಚಿ ಇಡುವುದು.

*ಈ ವಾರದ ಅಭ್ಯಾಸ:* ನಡೆಯಲು ಹೋದಾಗ ನಿಮಗೆ ಬಹಳ ಇಷ್ಟವಾದ ಒಂದು ವಸ್ತುವನ್ನು ಹುಡುಕಿ. ಒಂದು ಹೂವು, ಒಂದು ಕಲ್ಲು, ಒಂದು ಗೂಡು, ಏನಾದರೂ ಆಗಲಿ. ಕೈಯಲ್ಲಿ ಹಿಡಿಯಬೇಡಿ, ಫೋಟೊ ತೆಗೆಯಬೇಡಿ, ಯಾರಿಗೂ ಕಳಿಸಬೇಡಿ. ಹತ್ತು ಉಸಿರಿನಷ್ಟು ಹೊತ್ತು ನೋಡಿ. ಬಿಟ್ಟು ಹೊರಡುವಾಗ ಮನಸ್ಸು ಏನು ಹೇಳಿತು ಎಂಬುದನ್ನು ಗಮನಿಸಿ. ಬರುವ ರವಿವಾರ ಬಳಗದಲ್ಲಿ ಕೂತಾಗ ಅದನ್ನು ಮಾತ್ರ ಹಂಚಿಕೊಳ್ಳೋಣ.

ಎಲ್ಲರಿಗೂ ಮಂಗಳವಾಗಲಿ 🙏